ಸಂಜೆ ಏಳಾದ ಮೇಲೆ ವಾಟ್ಸಾಪ್ ಕಾಲ್ ತುಂಡು ತುಂಡು. ಪೀರ್-ಟು-ಪೀರ್ ನೆಟ್ ನುಂಗ್ತಿದೆಯಾ?

ಚಿಂತಾಮಣಿ_ತೋಟ:
ಸಂಜೆ 7 ಆಯ್ತು ಅಂದ್ರೆ ನನ್ನ ಮಾತು ಆ ಕಡೆಯವರಿಗೆ ಮುರಿದು ಮುರಿದು ಕೇಳುತ್ತೆ. ಅವರ ಮಾತು ನನಗೆ ಸ್ವಚ್ಛ. ಸಿಗ್ನಲ್, ಟೆಲಿಗ್ರಾಂನಲ್ಲೂ ಅದೇ ಗೋಳು. ನೆಟ್ 30 ಎಂಬಿಪಿಎಸ್ ಇದೆ. ಈ ಪೀರ್-ಟು-ಪೀರ್ ಆಪ್‌ಗಳು ಬೇರೆಯವರ ಕಾಲ್‌ಗಳನ್ನೂ ನಮ್ಮ ಲೈನ್ ಮೇಲೆ ಸಾಗಿಸ್ತವಂತೆ, ನಿಜಾನಾ? ಯಾವುದು ಕಮ್ಮಿ ಡೇಟಾ ತಿನ್ನುತ್ತೆ ಹೇಳಿ, ತಲೆ ಕೆಟ್ಟೋಗಿದೆ.

ಕೋಲಾರ_ನೆಟ್:
ರೂಟರ್‌ನಲ್ಲಿ ಸಿಪ್ ಎಎಲ್‌ಜಿ (ಇಂಟರ್ನೆಟ್ ಫೋನ್ ಕಾಲ್‌ನ ಪ್ಯಾಕೆಟ್ ತಿದ್ದೋ ಸೆಟ್ಟಿಂಗ್) ಆಫ್ ಮಾಡಿ. ಕಾಲ್ ತೊಂದರೆಗೆಲ್ಲ ಅದೇ ಮೂಲ.

ತಿಪಟೂರು_ಪಿಂಗ್:
ಬೇರೆಯವರ ಕಾಲ್ ಹೊರ್ತಿದ್ದದ್ದು ಹಳೇ ಸ್ಕೈಪ್. ಒಳ್ಳೆ ನೆಟ್ ಇರೋ ಕಂಪ್ಯೂಟರ್‌ನ ಸೂಪರ್‌ನೋಡ್ ಮಾಡ್ಕೊಳ್ತಿತ್ತು. 2012ರಲ್ಲಿ ಮೈಕ್ರೋಸಾಫ್ಟ್ ಆ ಕೆಲಸ ತನ್ನ ಸರ್ವರ್‌ಗಳಿಗೆ ಎತ್ಕೊಂಡಿತು, 2025ರ ಮೇನಲ್ಲಿ ಸ್ಕೈಪೇ ಮುಚ್ಚಿತು. ಈಗ ಪೀರ್-ಟು-ಪೀರ್ ಅಂದ್ರೆ ಇಬ್ಬರ ಮಧ್ಯೆ ನೇರ ದಾರಿ, ಅಷ್ಟೇ. ನೇರ ಹೋದ್ರೂ ಸರ್ವರ್ ಸುತ್ತಿ ಹೋದ್ರೂ ನಿಮ್ಮ ಡೇಟಾ ಖರ್ಚು ಹೆಚ್ಚುಕಮ್ಮಿ ಒಂದೇ.

ಲೆಕ್ಕ ನೋಡಿ. ಮಾತನ್ನ ಕುಗ್ಗಿಸಿ ಕಳಿಸೋ ಓಪಸ್ ಕೋಡೆಕ್ 24 ಕೆಬಿಪಿಎಸ್ ಅಂತ ಹಿಡೀರಿ. 20 ಮಿಲಿಸೆಕೆಂಡ್‌ಗೊಂದು ಪ್ಯಾಕೆಟ್, ಸೆಕೆಂಡಿಗೆ 50. ಒಂದೊಂದಕ್ಕೂ ವಿಳಾಸ ಗಿಳಾಸ ಇರೋ 40 ಬೈಟ್ ಹೆಡರ್, ಅದೇ ಇನ್ನೊಂದು 16 ಕೆಬಿಪಿಎಸ್. ಹೋಗೋಕೆ 40, ಬರೋಕೆ 40, ಗಂಟೆಗೆ 36 ಎಂಬಿ. ಇಷ್ಟು ಸಣ್ಣ ಹರಿವೂ ಕಡೀತಿದೆ, ಅದೂ ಹೋಗೋ ದಿಕ್ಕಲ್ಲಿ ಮಾತ್ರ. ಅಪ್‌ಲೋಡ್ ಎಷ್ಟು? ಮಾತು ಮುರಿಯೋವಾಗ 8.8.8.8ಗೆ (ಗೂಗಲ್ ಸರ್ವರ್) ಪಿಂಗ್, ಅಂದ್ರೆ ಹೋಗಿ ಬರೋ ಸಮಯ, ಎಷ್ಟು ಮಿಲಿಸೆಕೆಂಡ್?

ಕೋಲಾರ_ನೆಟ್:
ಮೊದಲು ಎಎಲ್‌ಜಿ ಆಫ್ ಮಾಡ್ಲಿ ಸಾರ್, ಆಮೇಲೆ ಲೆಕ್ಕ.

ತಿಪಟೂರು_ಪಿಂಗ್:
ಎಎಲ್‌ಜಿ ಕೈ ಹಾಕೋದು 5060 ಪೋರ್ಟ್‌ನ ಸಾದಾ ಸಿಪ್‌ಗೆ, ಅಂದ್ರೆ ಇಂಟರ್ನೆಟ್ ಫೋನ್‌ಗಳು ಕಾಲ್ ಜೋಡಿಸೋ ಪದ್ಧತಿಗೆ. ವಾಟ್ಸಾಪ್ ಆ ದಾರೀಲಿ ಹೋಗಲ್ಲ.

ಚಿಂತಾಮಣಿ_ತೋಟ:
ಎಎಲ್‌ಜಿ ಆಫ್ ಮಾಡಿ ಎರಡು ಸಲ ರೀಸ್ಟಾರ್ಟ್ ಮಾಡಿದೆ, ಏನೂ ಬದಲಾಗಿಲ್ಲ. ಪಿಂಗ್ ಮಧ್ಯಾಹ್ನ 45, ಸಂಜೆ 900. ಅಪ್‌ಲೋಡ್ 3. ಸಿಮ್ ಹಾಕೋ 4ಜಿ ರೂಟರ್. ನಾಲ್ಕು ಸಿಸಿ ಕ್ಯಾಮೆರಾ ಅದರ ಮೇಲೇ ಇವೆ, ಆದ್ರೆ ಅವು ಹಗಲೂ ಓಡ್ತವೆ.

ಗೌರಿಬಿದನೂರು_ಕೇಬಲ್:
ಇದನ್ನ ಮೊದಲೇ ಹೇಳ್ಬೇಕಿತ್ತು ಅಣ್ಣ. ಕತ್ತಲಾದ್ರೆ ಕ್ಯಾಮೆರಾ ಐಆರ್ ಲೈಟ್ (ಕತ್ತಲಲ್ಲಿ ನೋಡೋಕಿರೋ ಇನ್‌ಫ್ರಾರೆಡ್ ಬೆಳಕು) ಹೊತ್ಕೊಳುತ್ತೆ, ಚಿತ್ರದಲ್ಲಿ ಕಾಳು ಕಾಳು ಜಾಸ್ತಿಯಾಗಿ ಬಿಟ್‌ರೇಟ್ (ಸೆಕೆಂಡಿಗೆ ಕಳಿಸೋ ಡೇಟಾ) ಏರುತ್ತೆ. ತೋಟ ಬೇರೆ, ಆ ಲೈಟ್ ಮುಂದೆ ಹುಳ ಹಾರಾಡ್ತವೆ. ಲೆನ್ಸ್ ಮುಂದೆ ಒಂದು ಹುಳ ಹಾರಿದ್ರೂ ಮೋಷನ್ ಅಂತ ಕ್ಲಿಪ್ ಕ್ಲೌಡ್‌ಗೆ ಹೊರಡುತ್ತೆ. ನಾಲ್ಕೂ ಒಂದೊಂದು ಎಂಬಿಪಿಎಸ್ ಎಳೆದ್ರೆ ನಿಮ್ಮ 3 ಅಲ್ಲಿಗೇ ಮುಗೀತು, ಮಾತು ಕ್ಯೂನಲ್ಲಿ ನಿಲ್ಲುತ್ತೆ.

ಕ್ಲೌಡ್ ಆಫ್ ಮಾಡಿ ಮೆಮೊರಿ ಕಾರ್ಡ್‌ಗೆ ಹಾಕಿ. ಮೊಬೈಲ್‌ನಲ್ಲಿ ನೋಡೋಕೆ ಸಬ್‌ಸ್ಟ್ರೀಮ್ (ಕ್ಯಾಮೆರಾದ ಕಮ್ಮಿ ಗುಣಮಟ್ಟದ ಎರಡನೇ ವಿಡಿಯೊ), 256 ಕೆಬಿಪಿಎಸ್ ಸಾಕು. ಮೋಷನ್ ಸೆನ್ಸಿಟಿವಿಟಿ ಇಳಿಸಿ, ಲೆನ್ಸ್ ಪಕ್ಕದ ಜೇಡರ ಬಲೆ ಒರೆಸಿ.

ಕೋಲಾರ_ನೆಟ್:
ಫೈಬರ್ ಹಾಕಿಸಿ ಮುಗಿಸಿ. ನಮ್ಮಲ್ಲಿ ಅಪ್‌ಲೋಡೂ 100, ಓಪನ್‌ಡಬ್ಲ್ಯುಆರ್‌ಟಿ ಸಾಫ್ಟ್‌ವೇರ್ ಇರೋ ರೂಟರ್‌ನಲ್ಲಿ ಎಸ್‌ಕ್ಯೂಎಂ (ಲೈನ್ ತುಂಬಿ ಕ್ಯೂ ಬೆಳೆಯದಂತೆ ಸ್ಪೀಡ್‌ಗೆ ಮಿತಿ ಹಾಕೋದು) 90ಕ್ಕೆ ಕಟ್ಟಿದೀನಿ, 12 ವೋಲ್ಟ್ ಮಿನಿ ಯುಪಿಎಸ್ ಇದೆ, ಕರೆಂಟ್ ಹೋದ್ರೂ ಕಾಲ್ ಬೀಳಲ್ಲ.

ತಿಪಟೂರು_ಪಿಂಗ್:
ತೋಟಕ್ಕೆ ಫೈಬರ್ ಎಳೆಯೋರು ಯಾರು? 4ಜಿಯಲ್ಲಿ ಸ್ಪೀಡ್ ಏರಿಳಿಯುತ್ತೆ, ಎಸ್‌ಕ್ಯೂಎಂ 90 ಪರ್ಸೆಂಟ್ ಲೆಕ್ಕ ನಡೆಯಲ್ಲ. ಅತಿ ಕೆಟ್ಟ ಹೊತ್ತಿನ ಅಪ್‌ಲೋಡ್ ಅಳೆದು ಅದಕ್ಕಿಂತ ಕೆಳಗೆ ಕಟ್ಟಬೇಕು.

ಚಿಂತಾಮಣಿ_ತೋಟ:
ಕ್ಲೌಡ್ ಆಫ್ ಮಾಡಿದೆ. ರಾತ್ರಿ 8ಕ್ಕೆ ಪಿಂಗ್ 60, ಮಾತು ಸರಿಯಾಗಿ ಹೋಗ್ತಿದೆ. 128 ಜಿಬಿ ಕಾರ್ಡ್ ಎಷ್ಟು ದಿನ ಬರುತ್ತೆ?

ಗೌರಿಬಿದನೂರು_ಕೇಬಲ್:
ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ಬಿಡದೆ ಬರೆದ್ರೆ ದಿನಕ್ಕೆ 21.6 ಜಿಬಿ. ಐದು ದಿನ ಚಿಲ್ಲರೆ, ಆಮೇಲೆ ಹಳೇದರ ಮೇಲೆ ಬರೆಯುತ್ತೆ. ಕ್ಯಾಮೆರಾಗೆ ಅಂತಾನೇ ಬರೋ ಕಾರ್ಡ್ ತಗೊಳ್ಳಿ, ಮೊಬೈಲ್ ಕಾರ್ಡ್ ಬೇಗ ಸಾಯುತ್ತೆ.