'ಆಪ್ತಸಮಾಲೋಚನೆ' ಅಂದರೆ ಕೇಳುವವಳಿಗೆ ಏನು ಕೇಳಿಸುತ್ತದೆ?

ಗೆಳೆಯರೇ,

ಕಷ್ಟದಲ್ಲಿರುವ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವ ಸಮಾಜಕಾರ್ಯಕರ್ತೆಯರಿಗಾಗಿ ಒಂದು ಕನ್ನಡ ಕೈಪಿಡಿ ತಿದ್ದುತ್ತಿದ್ದೇನೆ. ಆ ಹೆಣ್ಣುಮಕ್ಕಳ ಕೈಗೇ ಕೊಡುವ ಒಂದು ಪುಟದ ಕರಪತ್ರವೂ ಜೊತೆಗಿದೆ. ಉಳಿದ ಪದಗಳು ಹೇಗೋ ಸಿಕ್ಕವು. 'ಕೌನ್ಸೆಲಿಂಗ್' ಒಂದು ಮಾತ್ರ ಕೂರುತ್ತಿಲ್ಲ. ನಿಮ್ಮ ಸಹಾಯ ಬೇಕು.

ಪುಸ್ತಕಗಳಲ್ಲಿ ಇದಕ್ಕೆ 'ಆಪ್ತಸಮಾಲೋಚನೆ' ನೆಲೆಯೂರಿದೆ. ಪದ ಚೆನ್ನಾಗಿಯೇ ಇದೆ. 'ಸಮಾಲೋಚನೆ'ಯಲ್ಲಿ ಜೊತೆಗೂಡಿ ಯೋಚಿಸುವುದು ಇದೆ. 'ಆಪ್ತ'ದಲ್ಲಿ ನಂಬಿಕೆ ಇದೆ, ಗುಟ್ಟು ಕಾಯುವುದೂ ಇದೆ. 'ಆಪ್ತ ಕಾರ್ಯದರ್ಶಿ' ಅನ್ನುವಾಗ ಇರುವ ಅರ್ಥವೇ ಅದು. ಕಾರ್ಯಕರ್ತೆಯರ ಕೈಪಿಡಿಯಲ್ಲಿ ಇದನ್ನೇ ಇಡುತ್ತೇನೆ. ಆದರೆ ಕರಪತ್ರಕ್ಕೆ ಇದು ಆಗುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತಿದೆ. ಓದು ಕಡಿಮೆ ಇರುವವರಿಗೆ ಅದು ಭಾರ. ಅರ್ಥವಾದವರಿಗೂ ಬೇರೆ ಏನೋ ಅರ್ಥವಾಗುತ್ತದೆ.

ಹಾಗಾದರೆ 'ಕೌನ್ಸೆಲಿಂಗ್' ಅಂತಲೇ ಬರೆಯಬಹುದಲ್ಲ ಅಂದರೆ, ಆ ಪದ ಕನ್ನಡದಲ್ಲಿ ಬೇರೆ ದಾರಿ ಹಿಡಿದು ಬಹಳ ಕಾಲವಾಯಿತು. ಮೇಷ್ಟರ ವರ್ಗಾವಣೆಗೆ ಕೌನ್ಸೆಲಿಂಗ್, ಸಿಇಟಿ ಸೀಟಿಗೆ ಕೌನ್ಸೆಲಿಂಗ್. ಅಲ್ಲಿ ಅದಕ್ಕೆ ಸರದಿ ಬಂದಾಗ ಜಾಗ ಆರಿಸಿಕೊಳ್ಳುವುದು ಎಂದರ್ಥ. ಹೋಗಲಿ, ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಗಂಡ ಹೆಂಡತಿಯ ವಿಷಯ ಬಂದಾಗ. 'ಅವರಿಬ್ಬರಿಗೂ ಕೌನ್ಸೆಲಿಂಗ್ ಮಾಡಿದರು' ಅಂದರೆ ಇಬ್ಬರನ್ನೂ ಕೂರಿಸಿ, ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿದರು ಎಂದೇ ಜನ ತಿಳಿಯುತ್ತಾರೆ. ಕಡತದಲ್ಲಿ ಅದು 'ಇತ್ಯರ್ಥವಾಗಿದೆ' ಎಂದು ಮುಗಿಯುತ್ತದೆ. ಯಾರ ಪಾಲಿಗೆ ಇತ್ಯರ್ಥವಾಯಿತು ಅನ್ನುವುದು ಅಲ್ಲಿ ಬರುವುದಿಲ್ಲ.

ಈಗ ಹೊಡೆತ ತಿಂದು ಬಂದ ಒಬ್ಬಳನ್ನು ನೆನೆಯಿರಿ. 'ಮೊದಲು ಆಪ್ತಸಮಾಲೋಚನೆ ಮಾಡುತ್ತೇವೆ' ಎಂದು ನಾವು ಹೇಳಿದರೆ ಅವಳಿಗೆ 'ಹೊಂದಿಕೊಂಡು ಹೋಗಮ್ಮ' ಎಂದು ಕೇಳಿಸುತ್ತದೆ. ತವರಿನವರು, ಅತ್ತೆಮನೆಯವರು, ಊರ ಹಿರಿಯರು ಎಲ್ಲರೂ ಅದನ್ನು ಹೇಳಿ ಮುಗಿಸಿರುತ್ತಾರೆ. ಇಲ್ಲೂ ಅದೇ ಅಂದರೆ ಅವಳು ಎರಡನೇ ಸಲ ಬರುವುದಿಲ್ಲ. ನನ್ನ ಕಳವಳ ಇದೇ.

ಕಾನೂನಿನಲ್ಲೂ ಈ ಪದಕ್ಕೆ ಒಂದೇ ಮುಖ ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಕೌನ್ಸೆಲರ್ ಇದ್ದಾರೆ. ಆ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಬೇಕು ಎಂದೂ ಅಲ್ಲೇ ಇದೆ. ಹಾಗಾಗಿ ಅಲ್ಲಿ ಸಮಾಲೋಚನೆಯೂ ಸಂಧಾನವೂ ಅಕ್ಕಪಕ್ಕ ಕೂತಿವೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ ಕಥೆ ಬೇರೆ. ಅದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 14ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ದೂರು ಕೊಟ್ಟವಳನ್ನೂ ಆರೋಪ ಹೊತ್ತವನನ್ನೂ ಒಟ್ಟಿಗೆ ಅಥವಾ ಬೇರೆ ಬೇರೆಯಾಗಿ ಕೌನ್ಸೆಲಿಂಗಿಗೆ ಕಳಿಸಬಹುದು. ಆದರೆ ಆ ಕಾಯ್ದೆಯ ನಿಯಮಗಳು ಒಂದು ಗೆರೆ ಎಳೆದಿವೆ. ಹಿಂಸೆ ಮಾಡಿದ್ದಕ್ಕೆ ಅಲ್ಲಿ ಯಾವ ಸಮರ್ಥನೆಯನ್ನೂ ಕೊಡುವಂತಿಲ್ಲ. ಮಾತು ಶುರುವಾಗುವ ಮೊದಲೇ ಇದನ್ನು ಆರೋಪ ಹೊತ್ತವನಿಗೆ ತಿಳಿಸಬೇಕು. 'ಅವಳು ಎದುರು ಮಾತಾಡಿದಳು, ಅದಕ್ಕೇ ಕೈ ಎತ್ತಿದೆ' ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಊರ ಪಂಚಾಯ್ತಿಯಲ್ಲಿ ಮಾತು ಶುರುವಾಗುವುದೇ ಅಲ್ಲಿಂದ, ಅಲ್ವಾ? ಇಷ್ಟು ದೂರದ ಎರಡು ಕೆಲಸಗಳಿಗೆ ಒಂದೇ ಹೆಸರು ಇಟ್ಟರೆ ಕೇಳುವವರು ತಮಗೆ ಗೊತ್ತಿರುವುದನ್ನೇ ಹಿಡಿದುಕೊಳ್ಳುತ್ತಾರೆ.

ಬೇರೆ ಪದಗಳನ್ನು ಹಾಕಿ ನೋಡಿದ್ದೇನೆ. 'ಬುದ್ಧಿವಾದ', 'ತಿಳಿಹೇಳುವುದು' ಎರಡರಲ್ಲೂ ಹೇಳುವವರು ಮೇಲೆ, ಕೇಳುವವರು ಕೆಳಗೆ. 'ಮಾತುಕತೆ' ಹಗುರವಾಗಿದೆ, ಆದರೆ ಅದು ಮದುವೆ ಮಾತುಕತೆಯ ಕಡೆಗೋ ರಾಜಿಯ ಕಡೆಗೋ ವಾಲುತ್ತದೆ. 'ಸಾಂತ್ವನ' ಬಹಳ ಜನಕ್ಕೆ ಗೊತ್ತು, ಸರ್ಕಾರದ ಸಾಂತ್ವನ ಕೇಂದ್ರಗಳಿಂದಾಗಿ. ಆದರೆ ಆ ಕೇಂದ್ರಗಳ ಕೆಲಸವೇ ಪದಕ್ಕಿಂತ ದೊಡ್ಡದು. ತಾತ್ಕಾಲಿಕ ಆಸರೆ, ಕಾನೂನಿನ ನೆರವು, ಹಣದ ನೆರವು ಎಲ್ಲವೂ ಅದರಲ್ಲಿ ಸೇರಿದೆ. ಅಳು ನಿಲ್ಲಿಸುವುದಷ್ಟೇ ಅಲ್ಲಿನ ಕೆಲಸ ಅಂತ ಯಾರಾದರೂ ತಿಳಿದರೆ ನಷ್ಟ ಅವಳಿಗೇ.

ನನಗೆ ಬೇಕಾದ ಅರ್ಥ ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರ್ಯಕರ್ತೆಗೂ ನೆರವು ಕೇಳಿ ಬಂದವರಿಗೂ ನಡುವಿನ ಸಂಬಂಧ ಹೇಗಿರಬೇಕು ಅಂತ ಅಮೆರಿಕದ ಸಮಾಜಕಾರ್ಯ ಪ್ರಾಧ್ಯಾಪಕ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಬರೆದ ಏಳು ತತ್ವಗಳು ಸಮಾಜಕಾರ್ಯ ಓದಿದವರಿಗೆಲ್ಲ ಗೊತ್ತು. ತಪ್ಪು ಒಪ್ಪು ತೂಗದೆ ಕೇಳಿಸಿಕೊಳ್ಳುವುದು, ಹೇಳಿದ್ದನ್ನು ಹೊರಗೆ ಬಿಡದಿರುವುದು, ತೀರ್ಮಾನವನ್ನು ಅವರಿಗೇ ಬಿಡುವುದು ಇವೆಲ್ಲ ಅದರಲ್ಲಿವೆ. ಕೊನೆಯದು ತುಂಬಾ ಕಷ್ಟದ್ದು. ಅವಳು ಅದೇ ಮನೆಗೆ ವಾಪಸ್ಸು ಹೋಗುತ್ತೇನೆ ಅಂದರೂ ಅದು ಅವಳ ತೀರ್ಮಾನ. ಆಗ ಕಾರ್ಯಕರ್ತೆ ಅವಳ ಜೊತೆ ಕೂತು ಅಪಾಯ ಎಷ್ಟಿದೆ ಅಂತ ನೋಡಬೇಕು. ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ ಎಲ್ಲಿಡಬೇಕು? ರಾತ್ರಿ ಹೊರಡಬೇಕಾಗಿ ಬಂದರೆ ಮಕ್ಕಳನ್ನು ಕರೆದುಕೊಂಡು ಯಾರ ಮನೆಗೆ ಹೋಗಬೇಕು? ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡುವುದು ಯಾವಾಗ? ಇದನ್ನು ಕೈಪಿಡಿಯ ಕರಡಿನಲ್ಲಿ 'ಸುರಕ್ಷತಾ ಯೋಜನೆ' ಎಂದು ಬರೆದಿದ್ದಾರೆ. 'ಯೋಜನೆ' ಅಂದಕೂಡಲೇ ಯಾವುದೋ ಸರ್ಕಾರಿ ಸವಲತ್ತು ಅನ್ನಿಸುತ್ತದೆ, ಅರ್ಜಿ ಎಲ್ಲಿ ಸಿಗುತ್ತದೆ ಅಂತ ಕೇಳುವ ಹಾಗೆ. ಅದಕ್ಕೂ ಬೇರೆ ಮಾತು ಹೊಳೆದರೆ ತಿಳಿಸಿ. ನಾನು ಸದ್ಯಕ್ಕೆ 'ಅಪಾಯ ಬಂದರೆ ಏನು ಮಾಡಬೇಕು' ಅಂತ ಬರೆದಿದ್ದೇನೆ.

ಕರಪತ್ರಕ್ಕೆ ಹೆಸರುಪದವೇ ಬೇಡ, ಕ್ರಿಯಾಪದ ಸಾಕು ಅನ್ನುವುದು ಈಗಿನ ನನ್ನ ಅಭಿಪ್ರಾಯ. ಹೀಗೆ ಬರೆದಿದ್ದೇನೆ: 'ನೀವು ಹೇಳುವುದನ್ನು ಪೂರ್ತಿ ಕೇಳುತ್ತೇವೆ. ಯಾವ ಯಾವ ದಾರಿ ಇದೆ ಅಂತ ತಿಳಿಸುತ್ತೇವೆ. ಯಾವುದನ್ನು ಹಿಡಿಯಬೇಕು ಅನ್ನುವುದು ನಿಮಗೆ ಬಿಟ್ಟದ್ದು. ನೀವು ಒಪ್ಪದೆ ನಿಮ್ಮ ಮನೆಯವರನ್ನು ಕರೆಸುವುದಿಲ್ಲ.' ಕೊನೆಯ ಸಾಲನ್ನು ಮಾತ್ರ ಯಾರು ಹೇಳಿದರೂ ತೆಗೆಯುವುದಿಲ್ಲ. ಅವಳಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಭರವಸೆ ಅದು.

ಆದರೂ ಕೋಣೆಯ ಬಾಗಿಲ ಮೇಲೆ, ದಾಖಲೆ ಪುಸ್ತಕದಲ್ಲಿ ಏನಾದರೂ ಒಂದು ಪದ ಬೇಕಲ್ಲ. ಇಲ್ಲಿ ನನ್ನ ಮನಸ್ಸು 'ಹೇಳಿಕೊಳ್ಳು' ಕಡೆಗೆ ಹೋಗುತ್ತಿದೆ. 'ಯಾರ ಹತ್ತಿರ ಹೇಳಿಕೊಳ್ಳಲಿ' ಅನ್ನುವುದು ಹೆಣ್ಣುಮಕ್ಕಳ ಬಾಯಲ್ಲಿ ದಿನಾ ಬರುವ ಮಾತು. 'ಹೇಳು' ಮತ್ತು 'ಹೇಳಿಕೊಳ್ಳು' ನಡುವೆ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದರಲ್ಲಿ ನೋವು ಹೇಳುವವಳದ್ದೇ, ಹೇಳುವುದರಿಂದ ಹಗುರಾಗುವವಳೂ ಅವಳೇ. ಬುದ್ಧಿ ಹೇಳುವವರು ಆ ಪದದೊಳಗೆ ಇಲ್ಲವೇ ಇಲ್ಲ. 'ಹೇಳಿಕೊಳ್ಳುವ ಕೋಣೆ' ಅಂದರೆ ಸರಿ ಹೋಗುತ್ತದೆಯಾ, ಅಥವಾ ಕೇಳಲು ವಿಚಿತ್ರವಾಗಿದೆಯಾ? ಇದರಲ್ಲಿ ಮುಂದಿನ ದಾರಿಯನ್ನು ಜೊತೆಗೂಡಿ ಯೋಚಿಸುವ ಅರ್ಥ ಬರುವುದಿಲ್ಲ, ಆ ಕೊರತೆ ಇದೆ. ಕೇಳಿಸಿಕೊಳ್ಳುವುದು ಎಂಬ ಅರ್ಥದ 'ಆಲಿಕೆ' ಪದವನ್ನೂ ಯೋಚಿಸಿದೆ, ಆದರೆ ಅದು ಪಾಠದ ಪುಸ್ತಕದ ಪದ ಅನ್ನಿಸುತ್ತದೆ.

ಉತ್ತರ ಕರ್ನಾಟಕದವರು, ಕರಾವಳಿಯವರು, ಹಳೇ ಮೈಸೂರಿನವರು ನಿಮ್ಮ ಕಡೆ ಏನಂತಾರೆ ಅಂತ ಬರೆಯಿರಿ. ಕಷ್ಟವನ್ನು ಕೇಳಿಸಿಕೊಳ್ಳುವ, ಆದರೆ ತೀರ್ಪು ಕೊಡದ ಹಿರಿಯಳಿಗೆ ನಿಮ್ಮ ಅಜ್ಜಿ ಅಮ್ಮಂದಿರು ಏನಾದರೂ ಹೆಸರು ಇಟ್ಟಿದ್ದರಾ? 'ತಿಳಿಸಿ ಹೇಳೋದು' ಅನ್ನುವುದು ನಿಮ್ಮಲ್ಲಿ ಸಮಾನರ ನಡುವೆಯೂ ನಡೆಯುತ್ತದಾ, ಅಥವಾ ದೊಡ್ಡವರು ಚಿಕ್ಕವರಿಗೆ ಮಾತ್ರವಾ? ಮಹಿಳಾ ಕೇಂದ್ರಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಅಲ್ಲಿಗೆ ಬರುವವರು ತಮ್ಮ ಬಾಯಲ್ಲೇ ಏನು ಹೇಳಿಕೊಂಡು ಬರುತ್ತಾರೆ ಅನ್ನುವುದನ್ನು ದಯವಿಟ್ಟು ತಿಳಿಸಿ. ಕರಪತ್ರ ಅಚ್ಚಿಗೆ ಹೋಗುವ ಮೊದಲು ಅದನ್ನು ಸೇರಿಸಿಕೊಳ್ಳುವ ಆಸೆ ಇದೆ.