ಸಹಾಯ ಬೇಕು: ಅಕ್ಕನ ಮಕ್ಕಳಿಗೆ ಪ್ರಾಯೋಜಕತ್ವದ ಹಣ, ಆದಾಯ ಪ್ರಮಾಣಪತ್ರ ಯಾರ ಹೆಸರಲ್ಲಿ?

ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಹೋದ ವರ್ಷ ತೀರಿಕೊಂಡಳು, ಭಾವ ಅದಕ್ಕೂ ಮೂರು ವರ್ಷ ಮೊದಲೇ ಹೋಗಿದ್ದರು. 12 ವರ್ಷದ ಹುಡುಗಿ, 8 ವರ್ಷದ ಹುಡುಗ, ಇಬ್ಬರೂ ಈಗ ನನ್ನ ಹತ್ತಿರವೇ ಇದ್ದಾರೆ. ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ (ಮಕ್ಕಳನ್ನು ಸಾಕಲು ಕೊಡುವ ನೆರವಿನ ಹಣ) ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ನೆಂಟರ ಮನೆಯಲ್ಲಿರುವ ಅನಾಥ ಮಕ್ಕಳಿಗೂ ಉಂಟು ಅಂತ ಅಂಗನವಾಡಿ ಟೀಚರ್ ಹೇಳಿದರು. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ದಾಟಬಾರದಂತೆ, ಪೇಟೆಯಲ್ಲಾದರೆ 96,000. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು, ದಾಟುವ ಮಾತೇ ಇಲ್ಲ.

ತೊಡಕು ಕಾಗದದ್ದು. ಆಧಾರ್‌ನಲ್ಲಿ ಅಕ್ಕ 'ಮಂಜುಳಾ', ಮರಣ ಪ್ರಮಾಣಪತ್ರದಲ್ಲಿ 'ಮಂಜವ್ವ'. ಊರಲ್ಲಿ ಎಲ್ಲರೂ ಕರೆಯುತ್ತಿದ್ದುದು ಹಾಗೇ, ಬರೆಸುವಾಗ ಯಾರಿಗೂ ಹೊಳೆಯಲಿಲ್ಲ. ಇದೊಂದಕ್ಕೇ ಅರ್ಜಿ ಎರಡು ಸಲ ವಾಪಸ್ ಬಂತು. ಮಕ್ಕಳ ಹೆಸರು ಇನ್ನೂ ಅವರಪ್ಪನ ಊರಿನ ರೇಷನ್ ಕಾರ್ಡಿನಲ್ಲೇ ಇದೆ.

ಹೆಸರಿನ ವ್ಯತ್ಯಾಸಕ್ಕೆ ನೋಟರಿ ಅಫಿಡವಿಟ್ ಸಾಕೇ, ಪ್ರಮಾಣಪತ್ರವನ್ನೇ ತಿದ್ದಿಸಬೇಕೇ? ನಾಡಕಚೇರಿಯ ಆದಾಯ ಪ್ರಮಾಣಪತ್ರ ನನ್ನ ಹೆಸರಲ್ಲಿ ಮಾಡಿಸಲೇ, ಮಕ್ಕಳ ಹೆಸರಲ್ಲೇ? ಮೊದಲು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೋ, ನೇರ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟರೆ ಅವರೇ ಮುಂದಕ್ಕೆ ಕಳಿಸುತ್ತಾರೋ?

ಈ ದಾರಿಯಲ್ಲಿ ಓಡಾಡಿದವರಿದ್ದರೆ ದಯವಿಟ್ಟು ಇಲ್ಲೇ ಬರೆಯಿರಿ. ಇನ್‌ಬಾಕ್ಸ್‌ಗೆ ಬರಬೇಡಿ, 'ಮಾಡಿಸಿಕೊಡ್ತೀನಿ, 2,000 ಕೊಡಿ' ಅನ್ನುವವರು ಈಗಾಗಲೇ ಇಬ್ಬರು ಬಂದು ಹೋಗಿದ್ದಾರೆ.