ಸಹಾಯ ಬೇಕು: ಹಕ್ಕನ್ನು ‘ಅಬ್ರಿಡ್ಜ್’ ಮಾಡೋದು ಅಂದರೆ ಏನು?

ನಮಸ್ಕಾರ. ಹಾಸನದಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಡಿಗ್ರಿವರೆಗೂ ಕನ್ನಡ ಮಾಧ್ಯಮ. ಎರಡು ದಿನದಿಂದ ಒಂದೇ ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ದೊಡ್ಡ ಕಾದಂಬರಿಯನ್ನು ಚಿಕ್ಕದು ಮಾಡಿ ಅಚ್ಚು ಹಾಕಿದರೆ ‘ಅಬ್ರಿಡ್ಜ್ಡ್’ ಅನ್ನುತ್ತಾರೆ, ಅದು ಗೊತ್ತು. ಆದರೆ ನಮ್ಮ ಸಂವಿಧಾನದ 13(2)ನೇ ವಿಧಿಯಲ್ಲಿ, ಮೂಲಭೂತ ಹಕ್ಕುಗಳನ್ನು ‘ಟೇಕ್ಸ್ ಅವೇ ಆರ್ ಅಬ್ರಿಡ್ಜಸ್’ ಮಾಡುವ ಕಾನೂನು ತರುವಂತಿಲ್ಲ ಅಂತ ಇದೆ. ಲೈಬ್ರರಿಯಲ್ಲಿ ನಿಘಂಟು ನೋಡಿದೆ. ‘ಸಂಕ್ಷೇಪಿಸು’ ಅಂತ ಇತ್ತು. ಹಕ್ಕನ್ನು ಸಂಕ್ಷೇಪಿಸೋದು ಹೇಗೆ? ರೂಮ್‌ಮೇಟ್ ‘ಎರಡೂ ಒಂದೇ, ಸುಮ್ನೆ ಮುಂದೆ ಓದು’ ಅಂದ. ಒಂದೇ ಆಗಿದ್ದರೆ ಎರಡು ಪದ ಯಾಕೆ ಹಾಕುತ್ತಿದ್ದರು, ಅಲ್ವಾ?

ಮೊದಲನೆಯದು ಪೂರ್ತಿ ಕಿತ್ತುಕೊಳ್ಳೋದು, ‘ಅಬ್ರಿಡ್ಜ್’ ಅಂದರೆ ಹಕ್ಕನ್ನು ಉಳಿಸಿ ಅದರ ವ್ಯಾಪ್ತಿ ಮೊಟಕು ಮಾಡೋದು. ನಾನು ಹೀಗೆ ತಿಳಿದುಕೊಂಡಿರುವುದು ಸರಿಯಾ? ಖರ್ಚು, ಪ್ರವಾಸ ಮೊಟಕು ಮಾಡೋದಕ್ಕೂ ಇದೇ ಪದ ಬಳಸಬಹುದಾ, ಇಲ್ಲ ‘ಕರ್ಟೇಲ್’ ಅನ್ನಬೇಕಾ?